ನಡುವಿನ ಕುರ್ಚಿ

ಅದೇ ರೂಟರ್, ಅದೇ ಲ್ಯಾಪ್‌ಟಾಪ್, ಅದೇ ಮೇಜು. ತಾನು ಅಳೆದರೆ ವೈಫೈ ವೇಗ ನಾನೂರು ಎಂಬಿಪಿಎಸ್, ಹೊಸದಾಗಿ ಸೇರಿದ ಶುಭದಾ ಅಳೆದರೆ ಇನ್ನೂರ ಎಂಬತ್ತು. ಹೀಗೇಕೆ? ವಾರದಿಂದ ಪರೀಕ್ಷಾ ಕೋಣೆಯಲ್ಲಿ ಗಿರಿಧರನ ತಲೆಯನ್ನು ಇದೇ ಕೊರೆಯುತ್ತಿತ್ತು.

"ಅಳೆಯೋಕೇ ಬರದಿದ್ರೆ ಕೆಲಸ ಹೇಗ್ರೀ ಖಾಯಂ ಮಾಡ್ಲಿ?" ಎಂದರು ಮ್ಯಾನೇಜರ್, ಶುಭದಾಳಿಗೆ.

"ಇನ್ನೊಂದ್ಸಲ ನೋಡ್ತೀನಿ ಸರ್," ಎಂದಳು ಶುಭದಾ. ಮತ್ತೆ ಇನ್ನೂರ ಎಂಬತ್ತೇ ಬಂತು. ಅವಳು ಮತ್ತೆ ಮತ್ತೆ ಅದೇ ಗುಂಡಿ ಒತ್ತುವುದನ್ನು ನೋಡಲಾರದೆ ಗಿರಿಧರ ಕುರ್ಚಿ ಬಿಟ್ಟೆದ್ದು ಕಿಟಕಿಯ ಬಳಿ ಹೋದ. ಅಂಕಿ ಸರಸರನೆ ನಾನೂರಕ್ಕೇರಿತು. ಅವನು ಬಂದು ಕುಳಿತ, ಅಂಕಿ ಇಳಿಯಿತು.

"ಸರ್, ತಪ್ಪು ಅವರದಲ್ಲ. ಅವರು ಅಳೆಯೋವಾಗೆಲ್ಲ ರೂಟರಿಗೂ ಲ್ಯಾಪ್‌ಟಾಪಿಗೂ ನಡುವೆ ನಾನು ಕೂತಿರ್ತೀನಿ. ನನ್ನ ಮೈ ಸಿಗ್ನಲ್ ತಡೀತಿದೆ."

ಮ್ಯಾನೇಜರ್ ನಕ್ಕುಬಿಟ್ಟರು. "ಒಳ್ಳೇ ಗೋಡೆ ಕಣ್ರೀ ನೀವು! ನಿಮ್ಮ ಜಾಗ ಆ ಕಡೆ ಅಲ್ವೇನ್ರೀ? ಇಲ್ಲಿಗ್ಯಾಕೆ ಬಂದ್ರಿ?"

"ಇಲ್ಲಿ ಫ್ಯಾನ್ ಗಾಳಿ ಚೆನ್ನಾಗಿ ಬರುತ್ತೆ ಸರ್."

ಶುಭದಾ ತಲೆಯೆತ್ತಿ ನೋಡಿದಳು. ಅವನ ಕುರ್ಚಿಯ ಮೇಲ್ಗಡೆ ಬರಿಯ ಚಾವಣಿಯಿತ್ತು, ಫ್ಯಾನ್ ಇರಲಿಲ್ಲ.

ಅಲ್ಲಿ ಕುಳಿತರೆ ಅವಳ ಮುಖ ಕಾಣುತ್ತದೆ ಎಂಬುದನ್ನು ಅವನು ಯಾವತ್ತೂ ಹೇಳಲಿಲ್ಲ.