ಮೂಡಲ ಬಾಗಿಲಿನ ದೋಣಿ

ಕೆರೆಯ ನಟ್ಟನಡುವೆ ದೋಣಿಯ ಅಲಾರಂ ಮೂರನೇ ಸಲ ಬಡಿದುಕೊಂಡಿತು: ಬಾಗಿಲು ಮೂಡಲ ಬಿಟ್ಟು ತೆಂಕಲಿಗೆ ತಿರುಗಿದೆ. ಮುನಿಶಾಮಪ್ಪ ಚುಕ್ಕಾಣಿ ಹಿಡಿದು ಅದನ್ನು ಮತ್ತೆ ಸರಿದಾರಿಗೆ ತರಲು ನಿಂತರು. ಹೆಂಡತಿ ರಾಮಲಕ್ಷ್ಮಮ್ಮ ಗಾಜಿನ ಬಳೆಗಳ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಸೋಫಾದ ತುದಿಯಲ್ಲಿ ಕೂತಿದ್ದರು. ಆಚೆ ದಂಡೆಯ ಊರಿನಲ್ಲಿ ಅವರ ಅಕ್ಕನ ಮಗಳಿಗೆ ಸೀಮಂತ. ಮೊದಲ ಬಳೆ ಚಿಕ್ಕಮ್ಮನೇ ತೊಡಿಸಬೇಕು. ಶುಕ್ರವಾರವಾದ್ದರಿಂದ ಹತ್ತೂವರೆಗೆ ರಾಹುಕಾಲ ಹತ್ತುತ್ತದೆ. ಈಗ ಹತ್ತಕ್ಕೆ ಐದು ನಿಮಿಷ.

ಕೆರೆ ಒಣಗಿದ್ದ ಇಪ್ಪತ್ತು ವರ್ಷವೂ ರಾಮಲಕ್ಷ್ಮಮ್ಮ ಅಕ್ಕನ ಊರಿಗೆ ಕೆರೆಯಂಗಳದಲ್ಲೇ ನಡೆದುಹೋಗುತ್ತಿದ್ದರು. ಕೆರೆ ತುಂಬಿ ಕಾಲುದಾರಿ ಮುಳುಗಿದ ಮೇಲೆ ಮಂಚೇನಹಳ್ಳಿಗೆ ಹೋಗಿ ಬಸ್ಸು ಬದಲಾಯಿಸಬೇಕಾಯಿತು. ಹೆಂಡತಿಗೆ ಆ ಪಾಡು ಬೇಡವೆಂದು, ಬೋರ್‌ವೆಲ್ ಮೋಟಾರು ರಿಪೇರಿ ಮಾಡುವ ಮುನಿಶಾಮಪ್ಪ ತಾವೇ ದೋಣಿ ಕಟ್ಟಿದರು. ದೋಣಿ ಮೂರು ತಿಂಗಳಲ್ಲಿ ಮುಗಿಯಿತು. ಒಳಗಿನ ಅನುಕೂಲಗಳಿಗೆ ಎರಡು ವರ್ಷ ಹಿಡಿಯಿತು.

ಏಸಿ ಬಂತು, ಫ್ರಿಡ್ಜು ಬಂತು, ಗೋಡೆಗೆ ಟೀವಿ ಬಂತು. ಕಡಪ ಕಲ್ಲಿಲ್ಲದ ಅಡಿಗೆಮನೆ ಮನೆಗೆ ಶೋಭೆಯಲ್ಲವೆಂದು ಎರಡಾಳುದ್ದದ ಕಡಪ ಕಲ್ಲು ಕೂತಿತು. ಕೆರೆಯ ಮೇಲೆ ಹೋಗುವಾಗ ನೀರಿಗೆ ತೊಂದರೆಯಾಗಬಾರದಲ್ಲ, ಅದಕ್ಕೆ ಸೂರಿನ ಮೇಲೆ ಐನೂರು ಲೀಟರಿನ ಕರಿ ಟ್ಯಾಂಕು. ನೀರಿನಡಿಯ ಮೀನುಗಳನ್ನು ತೋರಿಸುವ ಪರದೆಯನ್ನೂ ತರಿಸಿದರು. ಮನೆಯಲ್ಲಿ ಯಾರೂ ಮೀನು ತಿನ್ನುತ್ತಿರಲಿಲ್ಲ, ಆದರೂ ಅಕ್ಕಪಕ್ಕದಲ್ಲಿ ಯಾರ್‍ಯಾರಿದ್ದಾರೆಂದು ತಿಳಿದಿರುವುದು ಒಳ್ಳೆಯದೆಂದು ಅವರ ವಾದ.

ಕೊನೆಗೆ ಚಿಕ್ಕಬಳ್ಳಾಪುರದಿಂದ ವಾಸ್ತು ಚಲಪತಿ ಬಂದು ನೋಡಿದ. ಅಡಿಗೆ ಮಾಡುವ ಜಾಗಕ್ಕೆಲ್ಲ ವಾಸ್ತು ಉಂಟು, ಬಾಗಿಲು ಮೂಡಲಿಗೇ ಇರಬೇಕು ಎಂದ. ಬಾಗಿಲಿದ್ದದ್ದು ದೋಣಿಯ ಹಿಂಬದಿಯಲ್ಲಿ. ಅದೇನು ಮಹಾ ಎಂದು ಮುನಿಶಾಮಪ್ಪ ದಿಕ್ಸೂಚಿಗೆ ಒಂದು ಅಲಾರಂ ಸೇರಿಸಿದರು. ಬಾಗಿಲು ಮೂಡಲ ಬಿಟ್ಟು ಅಲುಗಿದರೆ ಸಾಕು, ಮೂರೂರಿಗೆ ಕೇಳುವಂತೆ ಕೂಗುತ್ತಿತ್ತು. ಈ ಬೆಳಿಗ್ಗೆ ದೋಣಿಯ ಗೃಹಪ್ರವೇಶವೂ ಆಯಿತು. ಉಕ್ಕುವ ಹಾಲು ಮೂಡಲಿಗೆ ಚೆಲ್ಲಬೇಕಿತ್ತು. ದೋಣಿ ಓಲಾಡಿ ಎಂಟೂ ದಿಕ್ಕಿಗೆ ಚೆಲ್ಲಿತು. ಇಂಥ ಶಕುನ ಯಾವ ಬಂಗಲೆಗೂ ಸಿಕ್ಕಿಲ್ಲವೆಂದು ಚಲಪತಿ ದಕ್ಷಿಣೆ ತೆಗೆದುಕೊಂಡು ಹೋದ. ಅಷ್ಟರಲ್ಲಿ ಎಂಟೂವರೆಯ ಬಸ್ಸೂ ಹೋಗಿತ್ತು.

ಅಕ್ಕನ ಊರು ಇದ್ದದ್ದು ಮೂಡಲ ದಂಡೆಯಲ್ಲಿ. ಅಂದರೆ ಬಾಗಿಲು ಮೂಡಲಿಗೇ ಇರಬೇಕಾದರೆ ದೋಣಿ ಅಷ್ಟು ದೂರವೂ ಹಿಂದಕ್ಕೇ ಹೋಗಬೇಕು. ಮುನಿಶಾಮಪ್ಪ ಹಾಗೇ ಹೊರಟಿದ್ದರು. ದಾರಿ ತೋರಿಸುವ ಯಂತ್ರದ ಹೆಂಗಸು ಯೂ-ಟರ್ನ್ ತೆಗೆದುಕೊಳ್ಳಿ ಎಂದು ಹೊರಟಾಗಿನಿಂದ ಬೇಡುತ್ತಿದ್ದಳು. ನಡುಕೆರೆಗೆ ಬರುವಷ್ಟರಲ್ಲಿ ಗಾಳಿ ಎದ್ದು ದೋಣಿ ಬುಗುರಿಯಂತೆ ತಿರುಗತೊಡಗಿತು. ಸರಿಮಾಡಿದರೆ ಬಡಗಲಿಗೆ, ಮತ್ತೆ ಸರಿಮಾಡಿದರೆ ತೆಂಕಲಿಗೆ.

"ಮುಂದ್ ಮಾಡಿ ಓಡಿಸ್‌ಬಿಡ್ರಿ. ಐದ್ ನಿಮಿಷದ ದಾರಿ," ಎಂದರು ರಾಮಲಕ್ಷ್ಮಮ್ಮ.

ಮುನಿಶಾಮಪ್ಪ ಚಲಪತಿಗೆ ಫೋನು ಹಚ್ಚಿದರು. ಫೋನಿನಿಂದ ಚಲಪತಿ ಖಡಾಖಂಡಿತವಾಗಿ ಹೇಳಿದ: "ಅಪ್ಪಿತಪ್ಪಿನೂ ತಿರುಗಿಸ್‌ಬೇಡ ಬಾವಾ. ಬಸುರಿ ಮನೆಗೆ ಪಡುವಲ ಬಾಗಿಲಲ್ಲಿ ಹೋಗಂಗಿಲ್ಲ."

"ಇದು ದೋಣಿ ಕಣ್ರೀ. ತಿರುಗೋದೇ ಅದ್ರ ಕೆಲ್ಸ," ಎಂದರು ರಾಮಲಕ್ಷ್ಮಮ್ಮ.

"ಕಟ್ಟಿರೋನು ನಾನು ಕಣೇ. ಕಂಡಕಂಡಂಗೆ ತಿರುಗೋ ಅಂಥದ್ದು ನಾನ್ ಕಟ್ಟಿಲ್ಲ."

ಹತ್ತೂ ಹತ್ತಾಯಿತು. ದಂಡೆಯ ಮೇಲೆ ಸೀರೆಗಳ ಬಣ್ಣ ಕಾಣುತ್ತಿತ್ತು. ಅದರಲ್ಲಿ ಹಸಿರು ಸೀರೆಯವಳು ಅಕ್ಕನ ಮಗಳೇ ಇರಬೇಕು. ಆಕೆಯ ಅತ್ತೆ ಮನೆಯವರು ಮೊದಲ ಬಳೆಗೆ ಯಾರನ್ನು ಬೇಕಾದರೂ ಕೂರಿಸಬಲ್ಲ ಜನ. ರಾಮಲಕ್ಷ್ಮಮ್ಮ ಡಬ್ಬವನ್ನು ಸೆರಗಿನಲ್ಲಿ ಕಟ್ಟಿಕೊಂಡು ಎದ್ದರು.

ಮೀನಿನ ಬಲೆ ಎಳೆಯುತ್ತಿದ್ದ ಆವಲಪ್ಪ ತನ್ನ ಹರಿಗೋಲಿನಲ್ಲಿ ಕೂತು ಬಹಳ ಹೊತ್ತಿನಿಂದ ಇದನ್ನೆಲ್ಲ ನೋಡುತ್ತಿದ್ದ. ತೊಗಲಿನ ಬದಲು ಹಳೇ ಫ್ಲೆಕ್ಸು ಹೊದಿಸಿದ ಬುಟ್ಟಿಯಂಥ ಹರಿಗೋಲು ಅದು. ಅವನು ಹತ್ತಿರ ಬಂದು ವಿನಯದಿಂದ ಕೇಳಿದ: "ಪ್ರದಕ್ಷಿಣೆ ಹಾಕ್ತಿದ್ದೀಯೇನ್ ಮಾವಾ? ಇನ್ನೆಷ್ಟ್ ಸುತ್ತು ಬಾಕಿ?"

ಮುನಿಶಾಮಪ್ಪ ಚುಕ್ಕಾಣಿಯಿಂದ ತಲೆಯೆತ್ತುವಷ್ಟರಲ್ಲಿ ರಾಮಲಕ್ಷ್ಮಮ್ಮ ಆ ಹೊತ್ತಿಗೆ ಬಡಗಲಿಗಿದ್ದ ಬಾಗಿಲಿನಿಂದ ಇಳಿದು, ಹರಿಗೋಲಿನಲ್ಲಿ ಬಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದರು.

"ಅದಕ್ಕೆ ಬಾಗಿಲೇ ಇಲ್ವಲ್ಲೇ," ಎಂದರು ಮುನಿಶಾಮಪ್ಪ, ನಿಜವಾದ ಕಳವಳದಿಂದ.

"ಅದಕ್ಕೇ ಹತ್ತಿದ್ದು."

ಹರಿಗೋಲು ತಾನೂ ನಾಕು ಸುತ್ತು ತಿರುಗಿತು. ಯಾವ ದಿಕ್ಕಿಗೆ ತಿರುಗಿತೆಂದು ಯಾರೂ ನೋಡಲಿಲ್ಲ. ಹತ್ತೂ ಇಪ್ಪತ್ತೈದಕ್ಕೆ ರಾಮಲಕ್ಷ್ಮಮ್ಮ, ಸೀರೆಯ ಅಂಚು ಒದ್ದೆಯಾಗಿ, ಮೈಯೆಲ್ಲ ಮೀನು ನಾರುತ್ತಾ, ಹುಡುಗಿಯ ಕೈಗೆ ಮೊದಲ ಬಳೆ ಏರಿಸಿದರು. ಬಳೆಗೆ ಒಂದು ಬಿರುಕೂ ಬಿದ್ದಿರಲಿಲ್ಲ.

ಒಬ್ಬಟ್ಟಿನ ಪಂಕ್ತಿ ಕೂತಾಗ ಅಕ್ಕ ತುಪ್ಪ ಬಡಿಸುತ್ತಾ ಬಂದು, ತಂಗಿಯ ಪಕ್ಕದ ಖಾಲಿ ಎಲೆ ನೋಡಿ, ನಿಮ್ಮೆಜಮಾನ್ರು ಎಲ್ಲಿ ಎಂದು ಕೇಳಿದರು.

ರಾಮಲಕ್ಷ್ಮಮ್ಮ ಕಿಟಕಿಯಿಂದಾಚೆ ಒಮ್ಮೆ ನೋಡಿದರು. ಬಿಸಿಲಲ್ಲಿ ಫಳಗುಟ್ಟುವ ಕೆರೆಯ ನಡುವೆ, ತಲೆಯ ಮೇಲೆ ಕರಿ ಟ್ಯಾಂಕು ಹೊತ್ತ ಬಿಳಿ ಕೋಣೆಯೊಂದು ಮೆಲ್ಲಗೆ ತಿರುಗುತ್ತಿತ್ತು.

"ಮನೇಲವ್ರೆ ಕಣಕ್ಕ," ಎಂದರು, ಒಬ್ಬಟ್ಟು ಮುರಿಯುತ್ತಾ. "ಬಾಗ್ಲು ಸರಿ ಮಾಡ್ತಾವ್ರೆ."