ಸನ್ಮಾನದ ಫೋಟೋ

"ಕಸ್ತೂರಕ್ಕಾ, ಫೋಟೋಕ್ಕರೆ ಮಗಳ ಕೈ ಇಳಸ್ರಿ!" ಢೋಲ್-ತಾಶಾ ವಾದ್ಯಗಳ ಅಬ್ಬರವನ್ನೂ ಮೀರಿಸಿ ಕನ್ನಡ ಬಳಗದ ಕಾರ್ಯದರ್ಶಿ ಅಡವೆಪ್ಪ ಕೂಗಿದರು. 'ಆಟಿಸಂ ಅರಿವು' ಎಂಬ ಬ್ಯಾನರಿನ ಕೆಳಗೆ ಕಸ್ತೂರಿಯ ಮಗಳು ಶೀತಲ್ ಎರಡೂ ಕಿವಿ ಗಟ್ಟಿಯಾಗಿ ಮುಚ್ಚಿಕೊಂಡು ನಿಂತಿದ್ದಳು. ಅವಳಿಗೆ ಹೊದಿಸಬೇಕಿದ್ದ ಶಾಲು ಅಡವೆಪ್ಪನವರ ಕೈಯಲ್ಲೇ ಉಳಿದಿತ್ತು.

"ಗದ್ದಲ ಅಕಿಗೆ ತಡಕೊಳ್ಳಾಕ ಆಗೂದಿಲ್ಲಂತ ಫೋನಿನಾಗ ಬಾಯಿ ಬಡಕೊಂಡಿದ್ನಲ್ರಿ!" ಕಸ್ತೂರಿ ಗದರಿದಳು.

"ಪುಣೆದಾಗ ಢೋಲ್ ಇಲ್ಲದ ಸನ್ಮಾನ ಹೆಂಗ ಆಗ್ತದ್ರಿ? ಮಂದಿ ನೋಡಾಕತ್ತಾರ, ಒಂದ ನಿಮಿಷ ಇಳಸ್ರಿ."

ಕಸ್ತೂರಿ ಸಿಟ್ಟಿನಲ್ಲೇ, ಕೈ ಇಳಿಸಲೆಂದು ಮಗಳ ಮಣಿಕಟ್ಟು ಹಿಡಿದಳು. ಶೀತಲ್ ಕಿವಿಗಳನ್ನು ಇನ್ನೂ ಬಿಗಿಯಾಗಿ ಒತ್ತಿಕೊಂಡಳು. ಕಸ್ತೂರಿ ಥಟ್ಟನೆ ಬಿಟ್ಟುಬಿಟ್ಟಳು. ಮಗಳ ಪಕ್ಕದಲ್ಲೇ ನಿಂತು, ತಾನೂ ಎರಡೂ ಕಿವಿ ಮುಚ್ಚಿಕೊಂಡು, ಕ್ಯಾಮೆರಾದ ಕಡೆ ಮುಖ ಎತ್ತಿದಳು.

"ಈಗ ತಗೀರಿ ಫೋಟೋ!"