ಒಂದೇ ಬಣ್ಣ

"ಬಾತ್‌ರೂಮು ಎಲ್ಹೋಯ್ತೇ? ತಡೆಯಕ್ಕಾಗ್ತಿಲ್ಲ," ಎನ್ನುತ್ತ ಅಮ್ಮ ಸೀರೆಯ ನೆರಿಗೆ ಹಿಡಿದುಕೊಂಡು ಗೋಡೆ ತಡವುತ್ತಿದ್ದಳು. ಬಾಗಿಲು ಅವಳ ಅಂಗೈ ಕೆಳಗೇ ಇತ್ತು. ಅಮೆರಿಕದ ಟೊರೆನ್ಸ್ ಊರಿನ ಪುಟ್ಟ ಮನೆ ದೊಡ್ಡದಾಗಿ ಕಾಣಲೆಂದು ಮಗಳು ವತ್ಸಲಾ ಹನ್ನೊಂದು ಸ್ಯಾಂಪಲ್ ಹಚ್ಚಿ ನೋಡಿ, ಗೋಡೆಗೂ ಬಾಗಿಲಿಗೂ ಒಂದೇ ಆಫ್‌ವೈಟ್ ಬಳಿಸಿದ್ದಳು. ಮರೆವಿನ ಕಾಯಿಲೆಯ ಅಮ್ಮನಿಗೆ ಅಂದಿನಿಂದ ಮನೆಯಲ್ಲಿ ಬಾಗಿಲೇ ಇಲ್ಲ.

ಕೈಹಿಡಿದು ಕರೆದೊಯ್ಯಲು ಹೋದರೆ ಅಮ್ಮ ಕೊಸರಿಕೊಂಡಳು. "ಗೋಡೆಗೆ ಯಾಕೇ ನೂಕ್ತೀಯ?" ವತ್ಸಲಾ ಅಡುಗೆಮನೆಗೆ ಓಡಿ, ಅರಿಶಿನ ಕಲಸಿ ತಂದು ಬಾಗಿಲಿಗೆ ಅಗಲವಾಗಿ ಬಳಿದಳು, ನಡುವೆ ಕುಂಕುಮ ಒತ್ತಿದಳು. "ನೋಡಮ್ಮ, ಇದೇ ಬಾಗಿಲು."

ಅಮ್ಮನಿಗೆ ಬಾಗಿಲು ಕಂಡಿತು. ಚಪ್ಪಲಿ ಬಿಟ್ಟು, ಕೈಮುಗಿದು ನಿಂತಳು. ನಿಂತಲ್ಲೇ ಕಾಲು ಬದಲಿಸುತ್ತಿದ್ದಳು. "ದೇವರಮನೆಗೆ ಆಮೇಲೆ ಬರ್ತೀನಿ ಕಣೇ," ಎಂದು ಬೇಡಿಕೊಂಡಳು, "ಮೊದ್ಲು ಬಾತ್‌ರೂಮು ತೋರ್ಸೇ."